ಪುಟದ ಅಳತೆ ಮೊದಲು, ಪರದೆಯ ಬೆಲೆ ಆಮೇಲೆ

"ಅಪ್ಪಾ, ಫೋನಿನಲ್ಲಿ ಓದಿ ಓದಿ ಕಣ್ಣು ಉರಿಯುತ್ತೆ. ನನಗೊಂದು ಇ-ರೀಡರ್ ಕೊಡಿಸ್ತೀರಾ?"

"ಅದೇನಮ್ಮಾ ಅದು? ಟ್ಯಾಬ್ ತರಹದ್ದಾ?"

"ಅಲ್ಲಪ್ಪಾ, ಅದರ ಪರದೆ ಕಾಗದದ ಹಾಗೇ ಇರುತ್ತೆ. ನೋಟ್ಸೆಲ್ಲಾ ಅದರಲ್ಲೇ ಹಾಕ್ಕೋಬಹುದು."

"ಎಷ್ಟಾಗುತ್ತೆ?"

ಮಗಳು ಬೆಲೆ ಹೇಳುತ್ತಾಳೆ. ಅಪ್ಪ ಸುಮ್ಮನಾಗುತ್ತಾರೆ. ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ: "ಅಷ್ಟು ದುಡ್ಡಿಗೆ ಎಲ್ಲಾನೂ ಪ್ರಿಂಟ್ ಹಾಕಿಸಿಕೊಂಡ್ರೆ ಆಗಲ್ವೇನೇ?"

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇಂಥ ಮಾತುಕತೆ ಈಗ ಅಪರೂಪವೇನಲ್ಲ. ಅಧ್ಯಾಪಕರು ಪಾಠದ ಟಿಪ್ಪಣಿಗಳನ್ನು ಫೋನಿಗೇ ಕಳುಹಿಸುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳು ಪಿಡಿಎಫ್ ರೂಪದಲ್ಲಿ ಕೈಯಿಂದ ಕೈಗೆ ಹರಿದಾಡುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೂ ಎನ್‌ಸಿಇಆರ್‌ಟಿ ಪುಸ್ತಕಗಳೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಓದಬೇಕಾದದ್ದು ರಾಶಿ ರಾಶಿ, ಆದರೆ ಓದುವ ಕಿಟಕಿ ಮಾತ್ರ ಅಂಗೈ ಅಗಲದ್ದು! ಹೀಗಾಗಿ ಇ-ಇಂಕ್ ಪರದೆಯ ಉಪಕರಣದ ಕಡೆ ವಿದ್ಯಾರ್ಥಿಗಳ ಮನಸ್ಸು ಹರಿಯುವುದು ಸಹಜ.

ಆದರೆ ಇಲ್ಲೊಂದು ತೊಡಕಿದೆ. ಜಾಹೀರಾತು ನೋಡಿ, ಬೆಲೆ ಕಡಿಮೆಯೆಂದು ಆರು ಇಂಚಿನ ಉಪಕರಣವನ್ನು ಕೊಂಡು ತರುತ್ತಾರೆ. ಅದರಲ್ಲಿ ಕಾದಂಬರಿ ಸೊಗಸಾಗಿ ಕಾಣುತ್ತದೆ. ಕಾಲೇಜಿನ ನೋಟ್ಸ್ ತೆರೆದರೆ ಮಾತ್ರ ಅಕ್ಷರಗಳು ಇರುವೆಯ ಸಾಲಿನಂತೆ ಕಾಣುತ್ತವೆ. ಎರಡು ವಾರ ಒದ್ದಾಡಿ, ಮೂರನೆಯ ವಾರ ಉಪಕರಣ ಬೀರು ಸೇರುತ್ತದೆ, ಮಗು ಮತ್ತೆ ಫೋನಿಗೇ ಮರಳುತ್ತದೆ. ಇಲ್ಲಿ ತಪ್ಪು ಉಪಕರಣದ್ದೂ ಅಲ್ಲ, ಮಗುವಿನದೂ ಅಲ್ಲ. ಓದಬೇಕಾದ ಪುಟ ಎಷ್ಟು ದೊಡ್ಡದು ಎಂಬುದನ್ನು ಕೊಳ್ಳುವ ಮೊದಲು ಯಾರೂ ಅಳೆದಿರಲಿಲ್ಲ, ಅಷ್ಟೆ. ಒಂದು ಅಳತೆಪಟ್ಟಿ ಮತ್ತು ಹತ್ತಿಪ್ಪತ್ತು ರೂಪಾಯಿಯ ಜೆರಾಕ್ಸ್ ಖರ್ಚಿನಲ್ಲಿ ಈ ನಷ್ಟವನ್ನು ತಪ್ಪಿಸಬಹುದು. ಹೇಗೆಂದು ನೋಡೋಣ.

ಶಾಯಿಯೇ ಪರದೆಯಾದ ಬಗೆ

ಮೊದಲು ಈ ಪರದೆಯ ಗುಟ್ಟೇನು ಎಂಬುದನ್ನು ತಿಳಿಯಬೇಕು. ಆಯ್ಕೆಯ ಅರ್ಧ ಉತ್ತರ ಅದರಲ್ಲೇ ಅಡಗಿದೆ.

ಫೋನು, ಟ್ಯಾಬ್, ಟಿ.ವಿ. ಇವೆಲ್ಲ ಬೆಳಕನ್ನು ತಾವೇ ಹೊರಸೂಸುತ್ತವೆ. ಕಾಗದ ಹಾಗಲ್ಲ. ಅದರ ಮೇಲೆ ಬಿದ್ದ ಬೆಳಕು ಪ್ರತಿಫಲಿಸಿ ನಮ್ಮ ಕಣ್ಣನ್ನು ಸೇರುತ್ತದೆ. ಇ-ಇಂಕ್ ಪರದೆಯೂ ಕಾಗದದ ಜಾತಿಗೇ ಸೇರಿದ್ದು. ಅದರ ಮೈತುಂಬ ಕೂದಲೆಳೆಯ ದಪ್ಪದಷ್ಟೇ ಅಗಲವಿರುವ ಲಕ್ಷಾಂತರ ಸೂಕ್ಷ್ಮ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯೊಳಗೆ ತಿಳಿಯಾದ ದ್ರವ, ಆ ದ್ರವದಲ್ಲಿ ತೇಲುವ ಬಿಳಿ ಮತ್ತು ಕಪ್ಪು ಕಣಗಳು. ಬಿಳಿ ಕಣಗಳು ಟೈಟಾನಿಯಂ ಡೈ ಆಕ್ಸೈಡಿನವು. ಗೋಡೆಯ ಬಿಳಿ ಬಣ್ಣದಲ್ಲಿ ಬಳಸುವುದೂ ಇದೇ ವಸ್ತುವನ್ನು. ಬಿಳಿ ಕಣಗಳಿಗೆ ಒಂದು ಬಗೆಯ ವಿದ್ಯುದಾವೇಶ, ಕಪ್ಪು ಕಣಗಳಿಗೆ ಅದಕ್ಕೆ ವಿರುದ್ಧವಾದದ್ದು.

ಸಜಾತಿ ಆವೇಶಗಳು ವಿಕರ್ಷಿಸುತ್ತವೆ, ವಿಜಾತಿ ಆವೇಶಗಳು ಆಕರ್ಷಿಸುತ್ತವೆ ಎಂದು ಹೈಸ್ಕೂಲಿನಲ್ಲಿ ಕಲಿತದ್ದು ನೆನಪಿದೆಯಲ್ಲವೇ? ಅದೇ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಗುಳಿಗೆಯ ಕೆಳಗಿನ ವಿದ್ಯುದ್ವಾರಕ್ಕೆ ಧನ ವಿಭವ ಕೊಟ್ಟರೆ ಒಂದು ಬಣ್ಣದ ಕಣಗಳು ಮೇಲಕ್ಕೇಳುತ್ತವೆ, ಋಣ ವಿಭವ ಕೊಟ್ಟರೆ ಇನ್ನೊಂದು ಬಣ್ಣದವು. ಬಿಳಿ ಮೇಲೆದ್ದಲ್ಲಿ ಕಾಗದ, ಕಪ್ಪು ಮೇಲೆದ್ದಲ್ಲಿ ಅಕ್ಷರ! ಒಮ್ಮೆ ಮೇಲೆ ಬಂದು ನಿಂತ ಕಣಗಳು ವಿದ್ಯುತ್ ನಿಲ್ಲಿಸಿದರೂ ಅಲ್ಲೇ ಇರುತ್ತವೆ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು. ಆದ್ದರಿಂದಲೇ ಈ ಉಪಕರಣಗಳು ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತವೆ.

ಇದರ ಇತಿಹಾಸವೂ ಸ್ವಾರಸ್ಯಕರ. ಇಲೆಕ್ಟ್ರಾನಿಕ್ ಕಾಗದದ ಮೊದಲ ಯತ್ನ ನಡೆದದ್ದು 1970ರ ದಶಕದಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ನಮ್ಮ ಬೀದಿಬೀದಿಯ ನಕಲು ಅಂಗಡಿಗಳಿಗೆ ಹೆಸರು ಕೊಟ್ಟ ಕಂಪನಿಯೇ ಅದು! ಅಲ್ಲಿ ನಿಕ್ ಶೆರಿಡನ್ ಎಂಬ ವಿಜ್ಞಾನಿ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣದ ಪುಟ್ಟ ಮಣಿಗಳನ್ನು ವಿದ್ಯುತ್ತಿನಿಂದ ಹೊರಳಿಸಿ ಅಕ್ಷರ ಮೂಡಿಸಿದರು. ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಮುಂದೆ ಎಂಐಟಿ ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ಪ್ರಾಧ್ಯಾಪಕ ಜೋಸೆಫ್ ಜೇಕಬ್ಸನ್ ಹಾಗೂ ಆಗಿನ್ನೂ ಪದವಿ ವಿದ್ಯಾರ್ಥಿಗಳಾಗಿದ್ದ ಬ್ಯಾರೆಟ್ ಕಾಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್ ಸೂಕ್ಷ್ಮ ಗುಳಿಗೆಗಳ ಶಾಯಿಯನ್ನು ರೂಪಿಸಿದರು. 1997ರಲ್ಲಿ ಇ-ಇಂಕ್ ಕಂಪನಿ ಹುಟ್ಟಿತು, 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಕಂಪನಿಯ 'ಲಿಬ್ರಿಯೆ', 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿಯ 'ಕಿಂಡಲ್' ಬಂದವು. ಪದವಿ ತರಗತಿಯ ಹುಡುಗರು ಕೈಯಾಡಿಸಿದ ಪ್ರಯೋಗ ಜಗತ್ತಿನ ಓದನ್ನೇ ಬದಲಿಸಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಕಣಗಳ ಈ ಈಜಾಟದಲ್ಲೇ ಪರದೆಯ ಮಿತಿಯೂ ಇದೆ. ದ್ರವದಲ್ಲಿ ಕಣಗಳು ಮೇಲೆ ಕೆಳಗೆ ಚಲಿಸಲು ಸಮಯ ಬೇಕು. ಪುಟ ತಿರುಗಿಸಿದಾಗ ಪರದೆ ಕ್ಷಣಕಾಲ ಕಪ್ಪಾಗಿ ಮಿಟುಕುವುದೂ, ಹಿಂದಿನ ಪುಟದ ಅಕ್ಷರಗಳ ಮಸುಕು ನೆರಳು ಉಳಿಯುವುದೂ ಇದರಿಂದಲೇ. ಫೋನಿನಲ್ಲಿ ಎರಡು ಬೆರಳಿನಿಂದ ಪುಟ ಹಿಗ್ಗಿಸಿ, ಅತ್ತಿತ್ತ ಎಳೆದಾಡಿ ಓದುತ್ತೇವಲ್ಲ, ಆ ಚಟ ಇಲ್ಲಿ ನಡೆಯದು. ಪ್ರತಿ ಎಳೆತಕ್ಕೂ ಪರದೆ ಮತ್ತೆ ಚಿತ್ರ ಬರೆಯಬೇಕು. ಅಂದರೆ ಇ-ಇಂಕ್‌ನಲ್ಲಿ ಓದು ಹಿತವಾಗಬೇಕಾದರೆ ಪುಟವು ಹಿಗ್ಗಿಸದೆಯೇ, ಒಂದೇ ನೋಟಕ್ಕೆ ಓದುವಂತಿರಬೇಕು. ಪರದೆಯ ಅಳತೆಗೆ ಇಲ್ಲಿ ಟ್ಯಾಬ್‌ಗಿಂತಲೂ ಹೆಚ್ಚಿನ ಮಹತ್ವ ಬರುವುದು ಈ ಕಾರಣಕ್ಕೆ.

ಕಣ್ಣಿಗೆ ಹಿತ, ಆದರೆ ಔಷಧವಲ್ಲ

"ಇದರಲ್ಲಿ ಓದಿದರೆ ಕನ್ನಡಕ ಬರುವುದಿಲ್ಲವಂತೆ" ಎಂಬ ನಂಬಿಕೆ ಕೆಲವು ತಂದೆ-ತಾಯಿಯರಲ್ಲಿದೆ. ಅಷ್ಟು ದೂರ ಹೋಗಬೇಕಾಗಿಲ್ಲ. ಇ-ಇಂಕ್ ಪರದೆ ಕಣ್ಣಿಗೆ ನೇರವಾಗಿ ಬೆಳಕು ಚೆಲ್ಲುವುದಿಲ್ಲ, ಬಿಸಿಲಿನಲ್ಲೂ ಸ್ಪಷ್ಟವಾಗಿ ಕಾಣುತ್ತದೆ, ನಡುವೆ ಸಂದೇಶಗಳ ಕಾಟವೂ ಕಡಿಮೆ. ಬಹಳ ಮಂದಿಗೆ ಇದು ಹಿತವೆನಿಸುತ್ತದೆ. ಆದರೆ ಹತ್ತಿರದಿಂದ ಗಂಟೆಗಟ್ಟಲೆ ನೋಡಿದರೆ ಕಣ್ಣಿನ ಸ್ನಾಯುಗಳಿಗೆ ದಣಿವು ತಪ್ಪದು. ಅದು ಕಾಗದವಾದರೂ ಅಷ್ಟೇ, ಪರದೆಯಾದರೂ ಅಷ್ಟೇ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡುವುದು, ಒಂದಡಿಗಿಂತ ಹತ್ತಿರ ಹಿಡಿಯದಿರುವುದು, ಸಂಜೆ ಹೊತ್ತು ಬಯಲಿನಲ್ಲಿ ಆಡುವುದು ಇವಕ್ಕೆ ಬದಲಿಯಾದ ಉಪಕರಣ ಇನ್ನೂ ಬಂದಿಲ್ಲ.

ನಿದ್ರೆಯ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಬಹುದು. ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಮಂದಿಯನ್ನು ಕೆಲವು ರಾತ್ರಿ ಬೆಳಕು ಸೂಸುವ ಪರದೆಯಲ್ಲೂ ಕೆಲವು ರಾತ್ರಿ ಅಚ್ಚಾದ ಪುಸ್ತಕದಲ್ಲೂ ಓದಿಸಿ ನೋಡಿದರು. ಬೆಳಕು ಸೂಸುವ ಪರದೆಯಲ್ಲಿ ಓದಿದಾಗ ನಿದ್ರೆ ತಡವಾಗಿ ಬಂತು, ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಎಂಬ ಹಾರ್ಮೋನಿನ ಮಟ್ಟವೂ ಇಳಿಯಿತು. ಇ-ಇಂಕ್ ಉಪಕರಣದ ದೀಪವನ್ನು ಆರಿಸಿ, ಕೋಣೆಯ ಬೆಳಕಿನಲ್ಲಿ ಓದಿದರೆ ಅದು ಪುಸ್ತಕಕ್ಕೇ ಹತ್ತಿರ. ಪರೀಕ್ಷೆಯ ದಿನಗಳಲ್ಲಿ ಇದು ಸಣ್ಣ ಲಾಭವಲ್ಲ.

ನೀರು ಮತ್ತು ಇಟ್ಟಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಡಿಜಿಟಲ್ ಪುಸ್ತಕಗಳಲ್ಲಿ ಎರಡು ಜಾತಿ. ಮೊದಲನೆಯದು ಇಪಬ್‌ನಂಥದ್ದು. ಅದರ ಪಠ್ಯ ನೀರಿನ ಹಾಗೆ. ಲೋಟಕ್ಕೆ ಹೊಯ್ದರೆ ಲೋಟದ ಆಕಾರ, ತಟ್ಟೆಗೆ ಹೊಯ್ದರೆ ತಟ್ಟೆಯ ಆಕಾರ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಕಥೆ, ಕಾದಂಬರಿ, ಜೀವನಚರಿತ್ರೆಗಳು ಹೆಚ್ಚಾಗಿ ಈ ರೂಪದಲ್ಲಿ ಮಾರಾಟವಾಗುತ್ತವೆ. ಇವಕ್ಕೆ ಆರೇಳು ಇಂಚಿನ ಪರದೆ ಧಾರಾಳವಾಗಿ ಸಾಕು.

ಎರಡನೆಯದು ಪಿಡಿಎಫ್. 1993ರಲ್ಲಿ ಅಡೋಬಿ ಕಂಪನಿ ಇದನ್ನು ಹೊರತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಮುದ್ರಿಸಿದರೂ ಪುಟ ಒಂದೇ ರೀತಿ ಕಾಣಬೇಕು ಎಂಬ ಉದ್ದೇಶದಿಂದ. ಇದು ಇಟ್ಟಿಗೆಯ ಹಾಗೆ. ಇಟ್ಟಿಗೆಯನ್ನು ಲೋಟಕ್ಕೆ ಹಾಕಲಾಗದು! ಸಣ್ಣ ಪರದೆಯಲ್ಲಿ ತೆರೆದರೆ ಪಿಡಿಎಫ್ ಪುಟ ಹೊಂದಿಕೊಳ್ಳುವುದಿಲ್ಲ, ಇಡಿಯಾಗಿ ಕುಗ್ಗುತ್ತದೆ. ವಿದ್ಯಾರ್ಥಿಗಳು ಓದುವ ಪಠ್ಯಪುಸ್ತಕ, ನೋಟ್ಸ್, ಪ್ರಶ್ನೆಪತ್ರಿಕೆ, ಪ್ರಯೋಗಶಾಲೆಯ ಕೈಪಿಡಿಗಳು ಬಹುಪಾಲು ಈ ಜಾತಿಯವೇ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಲ್ಲಂತೂ ಅಕ್ಷರಗಳೇ ಇರುವುದಿಲ್ಲ. ಪ್ರತಿ ಪುಟವೂ ಒಂದು ಫೋಟೋ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಮೊದಲ ಕೆಲಸವೆಂದರೆ, ಕಳೆದ ಆರು ತಿಂಗಳಲ್ಲಿ ಓದಿದ ಫೈಲುಗಳನ್ನು ತೆರೆದು ಎಣಿಸುವುದು. ಹತ್ತರಲ್ಲಿ ಎಂಟು ಇಪಬ್ ಆದರೆ ಒಂದು ದಾರಿ, ಎಂಟು ಪಿಡಿಎಫ್ ಆದರೆ ಬೇರೆ ದಾರಿ.

ಅಳತೆಪಟ್ಟಿ ಹೇಳುವ ಸತ್ಯ

ನಮ್ಮ ನೋಟ್ಸ್‌ಗಳ ಸಾಮಾನ್ಯ ಅಳತೆ ಎ4 ಹಾಳೆ. ಅದರ ಅಗಲ 210 ಮಿ.ಮೀ., ಎತ್ತರ 297 ಮಿ.ಮೀ. ಪರದೆಗಳನ್ನು ಮಾತ್ರ ಮೂಲೆಯಿಂದ ಮೂಲೆಗೆ ಅಳೆದು ಇಂಚಿನಲ್ಲಿ ಹೇಳುತ್ತಾರೆ. ಇದರಿಂದಲೇ ಗೊಂದಲ. ಎಲ್ಲವನ್ನೂ ಮಿಲಿಮೀಟರಿಗೆ ತಂದರೆ ಚಿತ್ರ ಸ್ಪಷ್ಟವಾಗುತ್ತದೆ.

6 ಇಂಚಿನ ಪರದೆ: ಸುಮಾರು 91 x 122 ಮಿ.ಮೀ. ಎ4 ಪುಟ ಶೇ. 41ಕ್ಕೆ ಕುಗ್ಗುತ್ತದೆ.

7.8 ಇಂಚಿನ ಪರದೆ: ಸುಮಾರು 119 x 158 ಮಿ.ಮೀ. ಎ4 ಪುಟ ಶೇ. 53ಕ್ಕೆ ಕುಗ್ಗುತ್ತದೆ.

10.3 ಇಂಚಿನ ಪರದೆ: ಸುಮಾರು 157 x 210 ಮಿ.ಮೀ. ಎ4 ಪುಟ ಶೇ. 71ಕ್ಕೆ ಕುಗ್ಗುತ್ತದೆ.

13.3 ಇಂಚಿನ ಪರದೆ: ಸುಮಾರು 203 x 270 ಮಿ.ಮೀ. ಎ4 ಪುಟ ಶೇ. 91ಕ್ಕೆ ಕುಗ್ಗುತ್ತದೆ.

ಪುಟದ ಎತ್ತರ ಪರದೆಯ ಎತ್ತರಕ್ಕೆ ಹೊಂದಬೇಕಾದ್ದರಿಂದ, ಪರದೆಯ ಎತ್ತರವನ್ನು 297ರಿಂದ ಭಾಗಿಸಿ ಈ ಶೇಕಡಾ ಲೆಕ್ಕ ತೆಗೆಯಲಾಗಿದೆ. ನಡುವಿನ ಅಳತೆಯ ಉಪಕರಣವಿದ್ದರೆ ಮಕ್ಕಳೇ ಈ ಲೆಕ್ಕ ಮಾಡಿಕೊಳ್ಳಬಹುದು.

ಈಗ ಅಕ್ಷರಕ್ಕೆ ಬನ್ನಿ. ಮೂಲದಲ್ಲಿ 12 ಪಾಯಿಂಟ್ ಇರುವ ಅಕ್ಷರ 6 ಇಂಚಿನ ಪರದೆಯಲ್ಲಿ 5 ಪಾಯಿಂಟಿಗೆ ಇಳಿಯುತ್ತದೆ. ಔಷಧದ ಡಬ್ಬಿಯೊಳಗಿನ ಮಡಿಸಿದ ಚೀಟಿಯಲ್ಲಿ ಇರುವಂಥ ಅಕ್ಷರ! 10.3 ಇಂಚಿನಲ್ಲಿ ಅದೇ ಅಕ್ಷರ ಎಂಟೂವರೆ ಪಾಯಿಂಟ್, 13.3 ಇಂಚಿನಲ್ಲಿ ಸುಮಾರು 11 ಪಾಯಿಂಟ್.

"ಆದರೆ 6 ಇಂಚಿನ ಪರದೆಗೆ ಇಂಚಿಗೆ 300 ಚುಕ್ಕೆ ಇರುತ್ತದೆ, 10.3 ಇಂಚಿನದಕ್ಕೆ ಸುಮಾರು 227 ಮಾತ್ರ. ಹಾಗಾಗಿ ಚಿಕ್ಕದೇ ಸ್ಪಷ್ಟ" ಎಂದು ಮಾರುವವರು ಹೇಳಬಹುದು. ಚುಕ್ಕೆಗಳನ್ನೂ ಎಣಿಸಿಬಿಡೋಣ. ಕುಗ್ಗಿದ ಆ ಅಕ್ಷರಕ್ಕೆ 6 ಇಂಚಿನ ಪರದೆಯಲ್ಲಿ ಎತ್ತರಕ್ಕೆ ಸಿಗುವುದು ಸುಮಾರು 20 ಚುಕ್ಕೆ, 10.3 ಇಂಚಿನದರಲ್ಲಿ 27. ಇಂಚಿಗೆ 207 ಚುಕ್ಕೆ ಇರುವ 13.3 ಇಂಚಿನದರಲ್ಲಿ 31. ಇಂಗ್ಲಿಷ್ ಅಕ್ಷರಕ್ಕೆ 20 ಚುಕ್ಕೆ ಹೇಗೋ ಸಾಕಾದೀತು. ಕನ್ನಡದ ಕಥೆ ಬೇರೆ. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ಅರ್ಕಾವೊತ್ತು. ಒತ್ತಕ್ಷರದ ಪಾಲಿಗೆ ಬರುವುದು ಆರೇಳು ಚುಕ್ಕೆ. ಅಷ್ಟರಲ್ಲಿ 'ತ' ಒತ್ತು ಯಾವುದು, 'ನ' ಒತ್ತು ಯಾವುದು ಎಂದು ಹೇಳುವುದು ಕಷ್ಟ. ರಸಾಯನಶಾಸ್ತ್ರದ ಸೂತ್ರಗಳಲ್ಲಿ ಕೆಳಗೆ ಬರೆಯುವ ಸಂಖ್ಯೆಗಳಿಗೂ ಗಣಿತದ ಘಾತಾಂಕಗಳಿಗೂ ಇದೇ ಗತಿ. ಘಾತ 3 ಅನ್ನು 8 ಎಂದು ಓದಿಕೊಂಡರೆ ಲೆಕ್ಕವೇ ಕೆಟ್ಟಿತು.

ಅಂಚು ಕತ್ತರಿಸುವ ಉಪಾಯ

ಹಾಗಾದರೆ 6 ಇಂಚಿನ ಉಪಕರಣ ಇರುವವರು ಅದನ್ನು ಎಸೆಯಬೇಕೇ? ಬೇಡ. ಎ4 ಹಾಳೆಯ ಸುತ್ತ ಸಾಮಾನ್ಯವಾಗಿ ಒಂದಿಂಚಿನ ಖಾಲಿ ಅಂಚು ಇರುತ್ತದೆ. ಬಹುತೇಕ ಉಪಕರಣಗಳಲ್ಲಿ ಈ ಅಂಚನ್ನು ಕತ್ತರಿಸಿ ತೋರಿಸುವ ಅನುಕೂಲವಿದೆ. ಆಗ ತೋರಿಸಬೇಕಾದ ಪಠ್ಯದ ಅಗಲ 210ರಿಂದ 160 ಮಿ.ಮೀ.ಗೆ, ಎತ್ತರ 297ರಿಂದ 247 ಮಿ.ಮೀ.ಗೆ ಇಳಿಯುತ್ತದೆ. 10.3 ಇಂಚಿನ ಪರದೆಯಲ್ಲಿ ಇಡೀ ಪುಟ ಶೇ. 85ರಷ್ಟು ಗಾತ್ರದಲ್ಲಿ ಕಾಣುತ್ತದೆ. 12 ಪಾಯಿಂಟಿನ ಅಕ್ಷರ 10 ಪಾಯಿಂಟ್ ಆಗಿ ಉಳಿಯುತ್ತದೆ. ಇದು ನೆಮ್ಮದಿಯ ಓದು.

6 ಇಂಚಿನದನ್ನು ಅಡ್ಡಲಾಗಿ ತಿರುಗಿಸಿ ಹಿಡಿದರೆ ಅದರ 122 ಮಿ.ಮೀ. ಅಗಲವಾಗುತ್ತದೆ. ಆಗ ಅಂಚು ಕತ್ತರಿಸಿದ ಪಠ್ಯ ಶೇ. 76ರ ಗಾತ್ರದಲ್ಲಿ ಕಾಣುತ್ತದೆ. ಆದರೆ ಒಮ್ಮೆಗೆ ಅರ್ಧ ಪುಟಕ್ಕಿಂತ ಕಡಿಮೆ. ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದಬೇಕು. ಬರೀ ಪಠ್ಯವಿದ್ದರೆ ಇದು ಸಹ್ಯ. ಚಿತ್ರ ಮೇಲಿನ ತುಂಡಿನಲ್ಲಿ, ವಿವರಣೆ ಕೆಳಗಿನ ತುಂಡಿನಲ್ಲಿ ಬಂದರೆ ಹಿಂದೆ ಮುಂದೆ ಹೋಗುವುದೇ ಕೆಲಸವಾಗುತ್ತದೆ.

ಪಿಡಿಎಫ್ ಪುಟವನ್ನು ಒಡೆದು ಸಾಲುಗಳನ್ನು ಹೊಸದಾಗಿ ಜೋಡಿಸುವ ತಂತ್ರವೂ ಇದೆ. ಪುಟದೊಳಗಿನ ಅಕ್ಷರಗಳನ್ನು ಹೆಕ್ಕಿ ಜೋಡಿಸುವುದು ಒಂದು ವಿಧಾನ. ಕನ್ನಡಕ್ಕೆ ಇಲ್ಲೊಂದು ಅಪಾಯವಿದೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ನಮ್ಮ ಎಷ್ಟೋ ಪುಸ್ತಕ, ಟಿಪ್ಪಣಿಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಸಿದ್ಧವಾದವು. ಅಂಥ ಪಿಡಿಎಫ್ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಅಕ್ಷರಗಳನ್ನು ಹೆಕ್ಕಿದರೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಹೊರಬರುತ್ತದೆ! ಇನ್ನೊಂದು ವಿಧಾನದಲ್ಲಿ ಪದಗಳನ್ನು ಚಿತ್ರದ ತುಂಡುಗಳೆಂದೇ ತಿಳಿದು ಕತ್ತರಿಸಿ ಜೋಡಿಸಲಾಗುತ್ತದೆ. ಉಚಿತವಾಗಿ ಸಿಗುವ 'ಕೆಒರೀಡರ್' ಎಂಬ ತಂತ್ರಾಂಶದಲ್ಲಿ ಈ ಅನುಕೂಲವಿದ್ದು, ಭಾಷೆಯ ಹಂಗಿಲ್ಲದೆ ಕೆಲಸ ಮಾಡುತ್ತದೆ. ಸಮೀಕರಣ, ಕೋಷ್ಟಕಗಳಿರುವ ಪುಟಗಳನ್ನು ಮಾತ್ರ ಎರಡೂ ವಿಧಾನಗಳು ಕೆಡಿಸುವುದುಂಟು.

ಜೆರಾಕ್ಸ್ ಅಂಗಡಿಯಲ್ಲೊಂದು ಪ್ರಯೋಗ

ಲೆಕ್ಕ ಎಷ್ಟೇ ಹೇಳಿದರೂ ಕಣ್ಣಿನಿಂದ ನೋಡಿದ ಹಾಗಾಗದು. ಆದ್ದರಿಂದ ಈ ಪ್ರಯೋಗ. ನೀವು ಹೆಚ್ಚಾಗಿ ಓದುವ ಫೈಲುಗಳಿಂದ ಮೂರು ಪುಟ ಆರಿಸಿ: ಒತ್ತಕ್ಷರ ತುಂಬಿದ ಕನ್ನಡ ಪುಟ ಒಂದು, ಸಮೀಕರಣಗಳಿರುವ ಗಣಿತ ಅಥವಾ ವಿಜ್ಞಾನದ ಪುಟ ಒಂದು, ಬಣ್ಣದ ಚಿತ್ರ ಅಥವಾ ನಕ್ಷೆ ಇರುವ ಪುಟ ಒಂದು. ಇವನ್ನು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಬಳಿಕ ಜೆರಾಕ್ಸ್ ಅಂಗಡಿಯಲ್ಲಿ ಕುಗ್ಗಿಸಿ ಕಪ್ಪು-ಬಿಳುಪಿನಲ್ಲಿ ನಕಲು ತೆಗೆಯಲು ಹೇಳಿ.

ಶೇ. 71ಕ್ಕೆ ಕುಗ್ಗಿಸಿದ ಪ್ರತಿ 10.3 ಇಂಚಿನ ಪರದೆಯ ಅನುಭವ ಕೊಡುತ್ತದೆ. ಎ4 ಹಾಳೆಯನ್ನು ಅದರ ಅರ್ಧ ವಿಸ್ತೀರ್ಣದ ಎ5 ಹಾಳೆಗೆ ಇಳಿಸುವ ಪ್ರಮಾಣವೂ ಇದೇ ಆದ್ದರಿಂದ ಅಂಗಡಿಯವರಿಗೆ ಇದು ಪರಿಚಿತ. ಆ ಪ್ರತಿಯನ್ನೇ ಮತ್ತೊಮ್ಮೆ 71ಕ್ಕೆ ಇಳಿಸಿದರೆ ಶೇ. 50; ಇದು 7.8 ಇಂಚಿನ ಪರದೆಗೆ ಹತ್ತಿರ. ಮೂಲ ಪ್ರತಿಯನ್ನು 64ಕ್ಕೆ ಇಳಿಸಿ, ಆ ನಕಲನ್ನು ಮತ್ತೆ 64ಕ್ಕೆ ಇಳಿಸಿದರೆ ಶೇ. 41. ಇದು 6 ಇಂಚಿನ ಪರದೆ.

ಈ ಹಾಳೆಗಳನ್ನು ಮನೆಗೆ ತಂದು, ರಾತ್ರಿ ಓದುವ ಜಾಗದಲ್ಲೇ ಕುಳಿತು, ಓದುವ ದೂರದಲ್ಲೇ ಹಿಡಿದು ಪ್ರತಿಯೊಂದನ್ನೂ ಕಾಲು ಗಂಟೆ ಓದಿ. ಮಗು ಓದಲಿ, ತಂದೆ-ತಾಯಿ ತಮ್ಮ ಕಣ್ಣಿನಿಂದ ತೀರ್ಮಾನಿಸುವುದು ಬೇಡ. ಯಾವ ಪ್ರತಿಯನ್ನು ಹಿಡಿದಾಗ ತಲೆ ತಾನಾಗಿಯೇ ಮುಂದಕ್ಕೆ ಬಾಗುತ್ತದೋ ಆ ಅಳತೆಯ ಪರದೆ ನಿಮಗಲ್ಲ. ನಕಲಿನ ನಕಲು ಸ್ವಲ್ಪ ಮಸುಕಾಗುವುದು ನಿಜ. ಪರದೆಯ ಹಿನ್ನೆಲೆಯೂ ಅಚ್ಚ ಬಿಳಿಯಲ್ಲ, ಪತ್ರಿಕೆಯ ಕಾಗದದಂತೆ ತುಸು ಬೂದು. ಆದ್ದರಿಂದ ಹೋಲಿಕೆ ಅನ್ಯಾಯದ್ದೇನಲ್ಲ.

ಬಣ್ಣ, ದೀಪ, ಪೆನ್ನು

ಮೂರನೆಯ ಪುಟವನ್ನು ಕಪ್ಪು-ಬಿಳುಪಿನಲ್ಲಿ ತೆಗೆಸಲು ಹೇಳಿದ್ದಕ್ಕೆ ಕಾರಣವಿದೆ. ಸಾಮಾನ್ಯ ಇ-ಇಂಕ್ ಪರದೆ ಕಪ್ಪಿನಿಂದ ಬಿಳಿಯವರೆಗೆ 16 ಛಾಯೆಗಳನ್ನಷ್ಟೇ ತೋರಿಸುತ್ತದೆ. ನಕ್ಷೆಯ ಕೆಂಪು, ನೀಲಿ ಎರಡೂ ಒಂದೇ ಬೂದು ಬಣ್ಣವಾದರೆ ಅಪಧಮನಿ ಯಾವುದು, ಅಭಿಧಮನಿ ಯಾವುದು ಎಂದು ಹೇಗೆ ತಿಳಿಯುವುದು? ಜೆರಾಕ್ಸ್ ಪ್ರತಿಯಲ್ಲೂ ಚಿತ್ರ ಅರ್ಥವಾಗುವಂತಿದ್ದರೆ ಬಣ್ಣದ ಪರದೆಗೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಬಣ್ಣದ ಇ-ಇಂಕ್ ಪರದೆಗಳೂ ಇವೆ. ಓದುವ ಉಪಕರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 'ಕೆಲೈಡೊ' ಬಗೆಯಲ್ಲಿ ಕಪ್ಪು-ಬಿಳುಪಿನ ಪರದೆಯ ಮೇಲೆ ಬಣ್ಣದ ಸೋಸುಗಗಳ ಪದರ ಕೂರಿಸಿರುತ್ತಾರೆ. ಅದರ ಮೂರನೆಯ ಪೀಳಿಗೆಯ ಪರದೆಯಲ್ಲಿ ಕಪ್ಪು ಅಕ್ಷರಕ್ಕೆ ಇಂಚಿಗೆ 300 ಚುಕ್ಕೆಯಾದರೆ ಬಣ್ಣಕ್ಕೆ 150 ಮಾತ್ರ. ಸೋಸುಗ ಸ್ವಲ್ಪ ಬೆಳಕನ್ನು ತಾನೇ ನುಂಗುವುದರಿಂದ ಹಿನ್ನೆಲೆ ಇನ್ನಷ್ಟು ಮಬ್ಬಾಗುತ್ತದೆ. ಜೀವಶಾಸ್ತ್ರ, ಭೂಗೋಳ ಓದುವವರಿಗೆ ಬಣ್ಣ ಉಪಯುಕ್ತ. ಗಣಿತ, ವಾಣಿಜ್ಯ ಓದುವವರಿಗೆ ಬಹುಮಟ್ಟಿಗೆ ಶೋಕಿ.

ದೀಪದ ವಿಷಯವನ್ನೂ ಮರೆಯಬಾರದು. ಓದುವ ಉಪಕರಣಗಳಲ್ಲಿ ಸಾಮಾನ್ಯವಾಗಿ ಅಂಚಿನಲ್ಲಿ ಸಣ್ಣ ಎಲ್‌ಇಡಿಗಳಿದ್ದು, ಅವು ಪರದೆಯ ಮೇಲ್ಮೈಗೆ ಬೆಳಕು ಹಾಯಿಸುತ್ತವೆ. ದೊಡ್ಡ ಅಳತೆಯ ಕೆಲವು ಉಪಕರಣಗಳಲ್ಲಿ ದೀಪವೇ ಇರುವುದಿಲ್ಲ. ಹಾಸ್ಟೆಲಿನಲ್ಲಿ ಹತ್ತು ಗಂಟೆಗೆ ದೀಪ ಆರಿಸುವ ನಿಯಮವಿದ್ದರೆ, ಊರಿನಲ್ಲಿ ಕರೆಂಟು ಹೋಗುವುದು ಮಾಮೂಲಾಗಿದ್ದರೆ ದೀಪವಿರುವುದನ್ನೇ ಕೊಳ್ಳಬೇಕು.

ಪುಟದ ಮೇಲೆ ಬರೆಯುವ ಪೆನ್ನು ಇನ್ನೊಂದು ಆಕರ್ಷಣೆ. ಕೆಲವು ಉಪಕರಣಗಳ ಪೆನ್ನಿಗೆ ಬ್ಯಾಟರಿಯೇ ಬೇಡ. ಪರದೆಯ ಹಿಂದಿನ ಪದರದ ಕಾಂತಕ್ಷೇತ್ರದಿಂದ ಪೆನ್ನಿನೊಳಗಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯುಸಿಯಲ್ಲಿ ಓದುವ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ! ಅಂಚಿನಲ್ಲಿ ಟಿಪ್ಪಣಿ ಬರೆದು, ಲೆಕ್ಕ ಬಿಡಿಸಿ ಓದುವ ಮಕ್ಕಳಿಗೆ ಪೆನ್ನು ನಿಜಕ್ಕೂ ನೆರವು. ಆದರೆ ಬರೆದದ್ದು ಪಿಡಿಎಫ್‌ನೊಳಗೇ ಉಳಿದು, ಕಂಪ್ಯೂಟರಿನಲ್ಲಿ ತೆರೆದಾಗಲೂ ಕಾಣುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು. ಇಲ್ಲವಾದರೆ ಉಪಕರಣ ಕೆಟ್ಟ ದಿನ ಟಿಪ್ಪಣಿಯೂ ಹೋಯಿತು.

ಕನ್ನಡದ ಪರೀಕ್ಷೆ

2016ರ ಕೊನೆಯಲ್ಲಿ ಅಮೆಜಾನ್ ಕಂಪನಿ ಕಿಂಡಲ್‌ಗಾಗಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಮಾರಲು ತೊಡಗಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಹಲವು ಇ-ಪುಸ್ತಕಗಳನ್ನು ಫೋನಿನ ಆ್ಯಪ್ ಮೂಲಕವೇ ಓದಬೇಕು. ಆಂಡ್ರಾಯ್ಡ್ ಆಧಾರಿತ ಇ-ಇಂಕ್ ಉಪಕರಣಗಳಲ್ಲಿ ಅಂಥ ಆ್ಯಪ್ ಹಾಕಿಕೊಳ್ಳಬಹುದು, ಒಂದೇ ಕಂಪನಿಯ ಮಳಿಗೆಗೆ ಕಟ್ಟುಬಿದ್ದ ಉಪಕರಣಗಳಲ್ಲಿ ಆಗದು. ಹಾಗೆಂದು ಎಲ್ಲರಿಗೂ ಆಂಡ್ರಾಯ್ಡ್ ಒಳ್ಳೆಯದೆಂದಲ್ಲ. ಆ್ಯಪ್ ಬಂದರೆ ಅದರ ಹಿಂದೆ ಫೋನಿನ ಗಲಾಟೆಯೂ ಬರುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಕೊಳ್ಳುವ ಮೊದಲು ಅದೇ ಮಾದರಿಯ ಉಪಕರಣ ಯಾರ ಬಳಿಯಾದರೂ ಇದ್ದರೆ ನಿಮ್ಮ ಫೈಲುಗಳನ್ನು ಅದಕ್ಕೆ ಹಾಕಿ ನೋಡಿ. 'ಸ್ವಾತಂತ್ರ್ಯ', 'ರಾಷ್ಟ್ರೀಯ', 'ಅರ್ಥಶಾಸ್ತ್ರ' ಎಂಬ ಮೂರು ಪದಗಳಿರುವ ಇಪಬ್ ಫೈಲೊಂದು ಸಾಕು. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕುಳಿತರೆ ಸರಿ. ಬಿಡಿಬಿಡಿಯಾಗಿ ಬಂದರೆ ಅಥವಾ ಖಾಲಿ ಚೌಕಗಳು ಕಂಡರೆ ಆ ಉಪಕರಣಕ್ಕೆ ಕನ್ನಡ ಬರುವುದಿಲ್ಲವೆಂದೇ ಅರ್ಥ. ಬಳಿಕ ನಿಮ್ಮಲ್ಲಿರುವ ಅತಿ ದೊಡ್ಡ ಸ್ಕ್ಯಾನ್ ಪುಸ್ತಕವನ್ನು ತೆರೆದು ಹತ್ತು ಪುಟ ತಿರುಗಿಸಿ. ಪುಟಕ್ಕೊಂದು ಫೋಟೋ ಇರುವ ಇಂಥ ಫೈಲು ಮೂಡಿಸಲು ದುರ್ಬಲ ಪ್ರೊಸೆಸರ್ ತಿಣುಕಾಡುತ್ತದೆ. ಪ್ರತಿ ಪುಟಕ್ಕೂ ಮೂರು ನಾಲ್ಕು ಸೆಕೆಂಡು ಕಾಯಬೇಕಾದರೆ ಪರೀಕ್ಷೆಯ ಹಿಂದಿನ ರಾತ್ರಿ ಅದು ಸಹಿಸಲಾಗದ ಕಿರಿಕಿರಿ.

ಅಮ್ಮನ ಪ್ರಶ್ನೆಗೆ ಉತ್ತರ

"ಪ್ರಿಂಟ್ ಹಾಕಿಸಿಕೊಂಡ್ರೆ ಆಗಲ್ವೇನೇ?" ಎಂಬ ಅಮ್ಮನ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕಬಾರದು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಸಂಶೋಧಕರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ವಿಷಯ ತಿಳಿಸುವ ಪಠ್ಯವನ್ನು ಪರದೆಗಿಂತ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಸಮಯದ ಒತ್ತಡವಿದ್ದಾಗ ಈ ವ್ಯತ್ಯಾಸ ಎದ್ದು ಕಂಡಿತು. ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇನ್ನು ಲೆಕ್ಕಾಚಾರ. ವರ್ಷಕ್ಕೆ ಪ್ರಿಂಟ್ ಹಾಕಿಸಬೇಕಾದ ಪುಟಗಳನ್ನು ಎಣಿಸಿ, ನಿಮ್ಮೂರಿನ ದರದಿಂದ ಗುಣಿಸಿ, ಓದು ಮುಗಿಯಲು ಉಳಿದಿರುವ ವರ್ಷಗಳಿಂದ ಮತ್ತೆ ಗುಣಿಸಿ. ಬಂದ ಮೊತ್ತವನ್ನು ಉಪಕರಣದ ಬೆಲೆಯೊಂದಿಗೆ ಹೋಲಿಸಿ. ವರ್ಷಕ್ಕೆ 600 ಪುಟ, ಪುಟಕ್ಕೆ 2 ರೂಪಾಯಿ, ಮೂರು ವರ್ಷ ಎಂದರೆ 3,600 ರೂಪಾಯಿ. ಇಷ್ಟಕ್ಕೆ ದೊಡ್ಡ ಪರದೆಯ ಉಪಕರಣ ಸಿಗದು. ಅದೇ ವರ್ಷಕ್ಕೆ 4,000 ಪುಟ ಓದುವ ವಿದ್ಯಾರ್ಥಿಯ ಲೆಕ್ಕ 24,000 ರೂಪಾಯಿಗೆ ಏರುತ್ತದೆ. ಅಲ್ಲಿ ಉಪಕರಣವೇ ಮೇಲು. ದೊಡ್ಡ ಪರದೆಯ ಬೆಲೆ ಸಾಮಾನ್ಯವಾಗಿ ಚಿಕ್ಕದರ ಎರಡು ಮೂರು ಪಟ್ಟು ಇರುವುದರಿಂದ ಈ ಗುಣಾಕಾರ ಮಾಡದೆ ಮುಂದುವರಿಯುವುದು ಜಾಣತನವಲ್ಲ. ಪರದೆ ಒಡೆದರೆ ದುರಸ್ತಿ ಎಲ್ಲಿ, ಎಷ್ಟು ಎಂಬುದನ್ನೂ ಕೇಳಿ. ಇ-ಇಂಕ್ ಪರದೆ ಬಹಳ ಸೂಕ್ಷ್ಮ. ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲದೊಳಗೆ ಬುತ್ತಿಡಬ್ಬಿಯ ಒತ್ತಡಕ್ಕೇ ಬಿರುಕು ಬಿಡಬಹುದು.

ಕೊನೆಗೆ ಉತ್ತರ ಮೂರು ಬಗೆಯಲ್ಲಿ ಬರಬಹುದು. ಓದುವುದು ಬಹುಪಾಲು ಕಥೆ, ಕಾದಂಬರಿಯಾದರೆ ಆರೇಳು ಇಂಚಿನದು ಸಾಕು. ಎ4 ನೋಟ್ಸ್‌ಗಳೇ ಹೆಚ್ಚು, ಪುಟಗಳೂ ಸಾವಿರಗಟ್ಟಲೆ ಎಂದರೆ 10.3 ಇಂಚಿಗಿಂತ ಕೆಳಗೆ ಇಳಿಯಬಾರದು; ಹಣ ಸಾಲದಿದ್ದರೆ ಚಿಕ್ಕದು ಕೊಳ್ಳುವುದಕ್ಕಿಂತ ಕಾಯುವುದೇ ಲೇಸು. ಪುಟಗಳು ಕಡಿಮೆ, ಬಣ್ಣದ ಚಿತ್ರಗಳು ಹೆಚ್ಚು ಎಂದರೆ ಪ್ರಿಂಟೇ ಸರಿ, ಯಾವ ಉಪಕರಣವೂ ಬೇಡ.

ಮೊದಲು ಹೇಳಿದ ಆ ಮನೆಯಲ್ಲಿ ಏನಾದೀತು? ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಜೆರಾಕ್ಸ್ ಅಂಗಡಿಗೆ ಹೋಗಿ ಬರಲಿ. ಊಟದ ನಂತರ ಮೂರು ಅಳತೆಯ ಹಾಳೆಗಳನ್ನು ಚಾಪೆಯ ಮೇಲೆ ಹರಡಿ ಮಗಳು ಓದಲಿ, ಅಮ್ಮ ಪಕ್ಕದಲ್ಲಿ ಕುಳಿತು ಪುಟಗಳ ಲೆಕ್ಕ ಹಾಕಲಿ. ಕೊಂಡರೂ, ಬಿಟ್ಟರೂ ಆ ತೀರ್ಮಾನ ಜಾಹೀರಾತಿನದಾಗಿರದೆ ಮೂವರದೂ ಆಗಿರುತ್ತದೆ. ಸಾವಿರಾರು ರೂಪಾಯಿ ಕೈಬಿಡುವ ಮೊದಲು ಅಳೆದು ನೋಡುವುದನ್ನು ಮಗಳು ಕಲಿತರೆ, ಅದು ಮುಂದೆ ಬೇರೆ ಬೇರೆ ಕೊಳ್ಳುವಿಕೆಗಳಲ್ಲೂ ಅವಳ ಕೈ ಹಿಡಿಯುತ್ತದೆ.